ಆ್ಯಬ್ಸ್‌ಗೋಸ್ಕರ ತಗೊಂಡ ನಾಲ್ಕು ಸಾಮಾನು, ಕೈ ಹಿಡಿದಿದ್ದು ಕಿಚನ್ ಸ್ಕೇಲ್

ಎಣ್ಣೆ ಬಾಟ್ಲು ಸ್ಕೇಲ್ ಮೇಲಿಟ್ಟೆ, ಬಟನ್ ಒತ್ತಿ ಸೊನ್ನೆ ಮಾಡ್ದೆ, ದಿನಾ ಹಾಕೋ ಥರಾನೇ ಅಂದಾಜಲ್ಲಿ "ಒಂದು ಚಮಚ" ಬಾಣಲೆಗೆ ಸುರಿದು ಬಾಟ್ಲು ವಾಪಸ್ ಸ್ಕೇಲ್ ಮೇಲಿಟ್ಟೆ. ಮೈನಸ್ 34 ಅಂತ ತೋರಿಸ್ತು. ಒಂದು ಟೇಬಲ್ ಸ್ಪೂನ್ ಎಣ್ಣೆ ಅಂದ್ರೆ ಸುಮಾರು 14 ಗ್ರಾಂ, ಮೂರು ತಿಂಗಳಿಂದ ಆಪ್‌ನಲ್ಲಿ ನಾನು ಬರ್ಕೊಂಡು ಬಂದಿದ್ದು ಅದನ್ನೇ, 120 ಕ್ಯಾಲೊರಿ ಅಂತ. ಕೊಬ್ಬಿಗೆ ಗ್ರಾಮಿಗೆ 9 ಕ್ಯಾಲೊರಿ ಲೆಕ್ಕ ಹಾಕಿದ್ರೆ ಬಾಣಲೆಗೆ ನಿಜವಾಗ್ಲೂ ಬಿದ್ದಿದ್ದು 306. ಇದು ನನಗೊಬ್ಬನಿಗೆ ಮಾಡ್ಕೊಳ್ಳೋ ಅಡುಗೆ, ದಿನಕ್ಕೆ ಎರಡು ಸಲ, ಅಂದ್ರೆ ಲೆಕ್ಕಕ್ಕೇ ಬರದೆ ಹೊಟ್ಟೆ ಸೇರ್ತಿದ್ದಿದ್ದು ಹತ್ರ ಹತ್ರ 370 ಕ್ಯಾಲೊರಿ. ದಿನಕ್ಕೆ ಇಷ್ಟು ಕಮ್ಮಿ ತಿನ್ಬೇಕು ಅಂತ ನಾನು ಇಟ್ಕೊಂಡಿದ್ದ ಗುರಿ 450. ಮೂರು ತಿಂಗಳಿಂದ ತೂಕ ಯಾಕೆ ಅಲ್ಲಾಡ್ತಿಲ್ಲ ಅನ್ನೋದು ಅವತ್ತು ಸ್ಟೌ ಮುಂದೆ ನಿಂತ್ಕೊಂಡೇ ಗೊತ್ತಾಯ್ತು.

ಹೊಟ್ಟೆ ಮೇಲೆ ಗೆರೆ ಕಾಣ್ಬೇಕು ಅನ್ನೋ ಆಸೆಗೆ ಎರಡೂವರೆ ವರ್ಷದಲ್ಲಿ ನಾನು ತಗೊಂಡಿದ್ದು ನಾಲ್ಕು ಸಾಮಾನು. ಕರೆಂಟ್ ಬಿಡೋ ಬೆಲ್ಟು, ಕೈಯಲ್ಲಿ ಹಿಡ್ಕೊಂಡು ಉರುಳಿಸೋ ಆ್ಯಬ್ ವೀಲು, ಫ್ಯಾಟ್ ಪರ್ಸೆಂಟೇಜ್ ತೋರಿಸೋ ತೂಕದ ಮಷೀನು, ಕೊನೆಗೆ ಈ ಕಿಚನ್ ಸ್ಕೇಲು. ನಾಲ್ಕರಲ್ಲೂ ಅಗ್ಗದ್ದು ಇದೇ, ಕೆಲಸ ಮಾಡಿದ್ದೂ ಇದೇ. ಬ್ರ್ಯಾಂಡ್ ಹೆಸರು ಹೇಳಲ್ಲ, ಯಾಕಂದ್ರೆ ನಾನು ಹೇಳೋದು ಆ ಜಾತಿಯ ಎಲ್ಲಾ ಸಾಮಾನಿಗೂ ಹೊಂದುತ್ತೆ. ಇದೇ ಆಸೆ ಇಟ್ಕೊಂಡು ಬೆಲ್ಟ್ ಆರ್ಡರ್ ಮಾಡೋಕೆ ಕೂತಿರೋರು ಒಬ್ರಾದ್ರೂ ಇದನ್ನ ಓದಲಿ ಅಂತ ಬರೀತಿದೀನಿ.

ಮೊದ್ಲು ಬೆಲ್ಟ್ ವಿಷಯ ಮುಗಿಸ್ಬಿಡ್ತೀನಿ. ಒಳಗಡೆ ಅಂಟಂಟಾಗಿರೋ ಜೆಲ್ ಪ್ಯಾಡ್ ಇರುತ್ತೆ, ಹೊಟ್ಟೆಗೆ ಸುತ್ತಿ ಆನ್ ಮಾಡಿದ್ರೆ ಸ್ನಾಯು ತಾನಾಗೇ ಬಿಗಿಯುತ್ತೆ ಬಿಡುತ್ತೆ, 20 ನಿಮಿಷ ಆದ್ಮೇಲೆ ತೆಗೆದ್ರೆ ಏನೋ ದೊಡ್ಡ ವ್ಯಾಯಾಮ ಮಾಡಿದ ಹಾಗೆ ಅನ್ಸುತ್ತೆ. ಆ ಅನಿಸಿಕೆನೇ ಮೋಸ. ಏಳು ವಾರ ಒಂದು ದಿನಾನೂ ಬಿಡದೆ ಕಟ್ಕೊಂಡೆ, ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ಶುರುವಲ್ಲಿ 94 ಸೆಂಟಿಮೀಟರ್, ಏಳು ವಾರ ಆದ್ಮೇಲೂ 94. ಪ್ಯಾಡ್ ತಾಗೋ ಜಾಗದಲ್ಲಿ ಚರ್ಮ ಕೆಂಪಾಗಿ ತುರಿಕೆ ಬಂತು. ವಾಪಸ್ ತಗೊಳ್ಳಿ ಅಂತ ಕೇಳಿದ್ರೆ ಮೈಗೆ ತಾಗಿಸಿದ ವಸ್ತು ತಗೊಳ್ಳಲ್ಲ ಅಂದ್ರು, ಅದು ನಿಯಮ ಇರಬಹುದು, ಆದ್ರೆ ಮೈಗೆ ತಾಗಿಸದೆ ಬೆಲ್ಟ್ ನೋಡೋದಾದ್ರೂ ಹೇಗೆ.

ಆಮೇಲೆ ಓದಿ ತಿಳ್ಕೊಂಡೆ, ಈ ಬೆಲ್ಟ್‌ಗಳ ಕಥೆ ಹೊಸದೇನಲ್ಲ. 2002ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಮೂರು ಬೆಲ್ಟ್ ಮಾರ್ತಿದ್ದೋರ ಮೇಲೆ ಸುಳ್ಳು ಜಾಹೀರಾತು ಅಂತ ಕೇಸ್ ಹಾಕಿತ್ತು. ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡೋ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಹೇಳೋದು ಏನಂದ್ರೆ, ಕರೆಂಟಿಂದ ಸ್ನಾಯುಗೆ ತಾತ್ಕಾಲಿಕವಾಗಿ ಸ್ವಲ್ಪ ಬಲ ಬರಬಹುದು, ಆದ್ರೆ ಬರೀ ಅದನ್ನೇ ಕಟ್ಕೊಂಡ್ರೆ ಸಿಕ್ಸ್ ಪ್ಯಾಕ್ ಬರಲ್ಲ. ಆಪರೇಷನ್ ಆದ್ಮೇಲೆ ಸೋತ ಸ್ನಾಯುಗೆ ಫಿಸಿಯೋಥೆರಪಿಲಿ ಇದೇ ಥರದ ಕರೆಂಟ್ ಕೊಡ್ತಾರೆ, ಅದಕ್ಕೆ ಬೆಲೆ ಇದೆ, ನಾನು ಅದನ್ನ ಅಲ್ಲಗಳೀತಿಲ್ಲ. ಬೊಜ್ಜಿನ ಕೆಳಗೆ ಮುಚ್ಚಿ ಹೋಗಿರೋ ಸ್ನಾಯುನ ಕುಣಿಸಿದ್ರೆ ಮೇಲಿರೋ ಬೊಜ್ಜಿಗೆ ಏನೂ ಆಗಲ್ಲ, ಅಷ್ಟೇ.

ಈ ಮಾತು ಬೆಲ್ಟ್‌ಗೆ ಮಾತ್ರ ಅಲ್ಲ, ದಿನಾ ನೂರು ಇನ್ನೂರು ಸಿಟಪ್ ಹೊಡೀತೀನಿ ಅನ್ನೋರಿಗೂ ಅನ್ವಯಿಸುತ್ತೆ. 1984ರಲ್ಲಿ ಒಂದು ಪ್ರಯೋಗ ಮಾಡಿದ್ರು, 27 ದಿನದಲ್ಲಿ ಒಬ್ಬೊಬ್ಬರ ಕೈಲೂ ಒಟ್ಟು 5004 ಸಿಟಪ್ ಮಾಡ್ಸಿ, ಹೊಟ್ಟೆ, ಬೆನ್ನು, ಕುಂಡಿ ಮೂರು ಕಡೆಯಿಂದ ಕೊಬ್ಬಿನ ಕೋಶ ತೆಗೆದು ಅಳತೆ ಮಾಡಿದ್ರು. ಹೊಟ್ಟೇಲಿ ಮಾತ್ರ ವಿಶೇಷವಾಗಿ ಕರಗಿತ್ತಾ ಅಂದ್ರೆ ಇಲ್ಲ, ಮೂರು ಕಡೆನೂ ಒಂದೇ ಥರ. 2011ರಲ್ಲಿ ಇನ್ನೊಂದು, 24 ಜನ, ಅವರಲ್ಲಿ ಒಂದು ಗುಂಪಿಗೆ ಆರು ವಾರ, ವಾರಕ್ಕೆ ಐದು ದಿನ ಬರೀ ಹೊಟ್ಟೆ ವ್ಯಾಯಾಮ, ಅದ್ರಲ್ಲೂ ಹೊಟ್ಟೆ ಬೊಜ್ಜು ಇಳೀಲಿಲ್ಲ, ಸ್ನಾಯುಗೆ ತಾಳಿಕೆ ಬಂತು ಅಷ್ಟೇ. ನಾನು ಇದನ್ನ ಮೊದ್ಲೇ ಓದಿದ್ರೆ ಬೆಲ್ಟ್ ತಗೋತಿರ್ಲಿಲ್ಲ. ಸ್ಟಾರ್ ಕೊಡೋದಿದ್ರೆ ಸೊನ್ನೆ.

ಹಾಗಾದ್ರೆ ಆ್ಯಬ್ ವೀಲ್ ಯಾಕೆ ತಗೊಂಡೆ ಅಂತ ಕೇಳಬಹುದು. ಬೊಜ್ಜು ಕರಗಿಸೋಕಲ್ಲ, ಬೊಜ್ಜು ಕರಗಿದ ದಿನ ಕೆಳಗಡೆ ನೋಡೋಕೆ ಏನಾದ್ರೂ ಇರಬೇಕಲ್ಲ ಅದಕ್ಕೆ. ನಾವು ಆ್ಯಬ್ಸ್ ಅನ್ನೋದು ರೆಕ್ಟಸ್ ಅಬ್ಡಾಮಿನಿಸ್ ಅನ್ನೋ ಸ್ನಾಯುಗೆ, ಕೆಳಗೆ ಪ್ಯೂಬಿಕ್ ಮೂಳೆಯಿಂದ ಮೇಲೆ ಪಕ್ಕೆಲುಬಿನ ತನಕ ಹೋಗುತ್ತೆ, ನಡುವೆ ಉದ್ದಕ್ಕೆ ಒಂದು ಬಿಳಿ ನಾರಿನ ಪಟ್ಟಿ, ಅಡ್ಡಕ್ಕೆ ಮೂರ್ನಾಲ್ಕು ನಾರಿನ ಗೆರೆ. ಆ ಅಡ್ಡ ಗೆರೆ ಎಷ್ಟಿವೆ, ನೇರ ಇವೆಯಾ ಓರೆ ಇವೆಯಾ ಅನ್ನೋದು ಹುಟ್ಟಿಂದ ಬಂದಿದ್ದು, ಯಾವ ವ್ಯಾಯಾಮದಿಂದಾನೂ ನಾಲ್ಕು ಪ್ಯಾಕ್ ಇರೋದು ಆರಾಗಲ್ಲ. ನನ್ನ ಎಡಗಡೆ ಗೆರೆ ಬಲಗಡೆಗಿಂತ ಬೆರಳಗಲ ಮೇಲಿದೆ. ಕಾಣೋಕೆ ಶುರುವಾದಾಗ ಏನೋ ತಪ್ಪು ವ್ಯಾಯಾಮ ಮಾಡಿ ಸೊಟ್ಟ ಮಾಡ್ಕೊಂಡೆ ಅಂತ ಹೆದರಿದ್ದೆ, ಅದು ನನ್ನ ಮೈ ಇರೋದೇ ಹಾಗೆ. ಗೆರೆಗಳ ನಡುವಿನ ಗಡ್ಡೆ ದಪ್ಪ ಆಗೋದು ಮಾತ್ರ ನಮ್ಮ ಕೈಲಿರೋದು, ಉಳಿದ ಎಲ್ಲಾ ಸ್ನಾಯುಗಳ ಥರಾನೇ ಭಾರ ಹೆಚ್ಚಿಸ್ತಾ ಹೋದ್ರೆ ಇದೂ ಬೆಳೆಯುತ್ತೆ.

ವೀಲ್ ಅದಕ್ಕೆ ಒಳ್ಳೆ ಸಾಮಾನು. ಮಂಡಿ ಊರಿ, ಹಿಡಿ ಹಿಡ್ಕೊಂಡು ಮುಂದಕ್ಕೆ ಉರುಳಿಸ್ತಾ ಹೋಗಿ ವಾಪಸ್ ಎಳ್ಕೊಳ್ಳೋದು, ನೋಡೋಕೆ ಏನೂ ಇಲ್ಲ. ಮೊದಲನೇ ದಿನ ಸರಿಯಾಗಿ ಮಾಡೋಕಾಗಿದ್ದು ನಾಲ್ಕು, ಮಾರನೇ ದಿನ ಸೀನಿದ್ರೂ ನೋವು. ಎಲ್ರೂ ಮಾಡೋ ತಪ್ಪು ಅಂದ್ರೆ ಮುಂದೆ ಹೋದ ಹಾಗೆ ಸೊಂಟ ಕೆಳಗೆ ಜೋತು ಬೀಳೋಕೆ ಬಿಡೋದು, ಆಗ ಹೊಟ್ಟೆ ಕೆಲಸ ಮಾಡಲ್ಲ, ಭಾರ ಎಲ್ಲಾ ಬೆನ್ನಿನ ಕೆಳಭಾಗಕ್ಕೆ ಬೀಳುತ್ತೆ. ಕುಂಡಿ ಬಿಗಿ ಹಿಡಿದು, ಪಕ್ಕೆಲುಬು ಕೆಳಕ್ಕೆ ಎಳ್ಕೊಂಡು, ಸೊಂಟ ಅಲ್ಲಾಡದ ಹಾಗೆ ಎಷ್ಟು ದೂರ ಹೋಗೋಕಾಗುತ್ತೋ ಅಷ್ಟೇ ಹೋಗ್ಬೇಕು. ನಾನು ಗೋಡೆ ಮುಂದೆ ಕೂತು ಶುರು ಮಾಡ್ದೆ, ಚಕ್ರ ಗೋಡೆಗೆ ತಾಗಿದ ತಕ್ಷಣ ವಾಪಸ್, ವಾರ ಕಳೆದ ಹಾಗೆ ಗೋಡೆಯಿಂದ ಒಂದು ಗೇಣು ಹಿಂದೆ ಸರೀತಾ ಬಂದೆ, ನಾಲ್ಕು ತಿಂಗಳಿಗೆ ಪೂರ್ತಿ ಕೈ ಚಾಚಿ 12 ಮಾಡೋ ಹಾಗಾಯ್ತು. ವಾರಕ್ಕೆ ಮೂರು ದಿನ ಸಾಕು, ಅದರ ಜೊತೆ ಬಾರ್‌ಗೆ ಜೋತು ಬಿದ್ದು ಕಾಲೆತ್ತೋದು, ಇದಿಷ್ಟೇ ನನ್ನ ಹೊಟ್ಟೆ ವ್ಯಾಯಾಮ. ವೀಲ್‌ನ ದೂರು ಅಂದ್ರೆ ಜೊತೆಗೆ ಕೊಡೋ ಮಂಡಿ ಪ್ಯಾಡ್ ತೀರಾ ತೆಳು, ಮಡಚಿದ ಟವಲ್ ಹಾಕ್ಕೊಳ್ಳಿ, ಆಮೇಲೆ ಹಿಡಿಕೆಯ ಫೋಮ್ ಬೆವರಿಗೆ ತಿರುಗೋಕೆ ಶುರುವಾಗುತ್ತೆ. ನಾಲ್ಕು ಸ್ಟಾರ್ ಧಾರಾಳವಾಗಿ ಕೊಡ್ತೀನಿ. ಬೆನ್ನು ನೋವು ಇರೋರು, ಹರ್ನಿಯಾ ಆಗಿರೋರು ಡಾಕ್ಟರ್ ಹತ್ರ ಕೇಳದೆ ಮುಟ್ಬೇಡಿ.

ಫ್ಯಾಟ್ ಪರ್ಸೆಂಟೇಜ್ ಮಷೀನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಬೆಳಿಗ್ಗೆ ಎದ್ದು ನಿಂತ್ರೆ 21.3, ಅದೇ ದಿನ ಸಂಜೆ 17.8. ಒಂದೇ ದಿನದಲ್ಲಿ ಯಾರಿಗೂ ಅಷ್ಟು ಬೊಜ್ಜು ಕರಗಲ್ಲ. ಅದು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಸಣ್ಣ ಕರೆಂಟ್ ಬಿಟ್ಟು ಎಷ್ಟು ಅಡ್ಡಿ ಆಯ್ತು ಅಂತ ನೋಡಿ ಅಂದಾಜು ಹಾಕುತ್ತೆ, ಮೈಯಲ್ಲಿ ನೀರು ಹೆಚ್ಚು ಕಮ್ಮಿ ಆದ್ರೆ ಅಂಕಿನೂ ಕುಣಿಯುತ್ತೆ, ಅದೂ ಅಲ್ದೆ ಕರೆಂಟ್ ಹೋಗೋದು ಬಹುಪಾಲು ಕಾಲಲ್ಲಿ, ನಮಗೆ ಬೇಕಾಗಿರೋದು ಹೊಟ್ಟೆ. ತೂಕ ಮಾತ್ರ ಸರಿಯಾಗಿ ತೋರಿಸುತ್ತೆ, ಅದಕ್ಕೆ ಇಟ್ಕೊಂಡಿದೀನಿ. ಅದನ್ನೂ ಒಂದು ದಿನದ ಅಂಕಿ ನೋಡಿ ನಂಬ್ಬೇಡಿ. ಒಂದು ಮದುವೆ ಊಟ ಮಾಡಿ ಬಂದ ಮಾರನೇ ಬೆಳಿಗ್ಗೆ ನನ್ನ ತೂಕ 1.4 ಕೆಜಿ ಏರಿತ್ತು, ಎದೆ ಧಸಕ್ ಅಂತು. ಒಂದು ಕೆಜಿ ಬೊಜ್ಜು ಅಂದ್ರೆ ಸುಮಾರು 7700 ಕ್ಯಾಲೊರಿ, ಅಷ್ಟು ಏರಬೇಕಂದ್ರೆ ದಿನದ ಊಟದ ಮೇಲೆ ಹತ್ತು ಸಾವಿರಕ್ಕಿಂತ ಜಾಸ್ತಿ ತಿಂದಿರ್ಬೇಕು, ಅದು ಸಾಧ್ಯಾನೇ ಇಲ್ಲ. ಉಪ್ಪಿಗೆ ನಿಂತ ನೀರು, ಪಿಷ್ಟ ಗ್ಲೈಕೋಜನ್ ಆಗಿ, ಅಂದ್ರೆ ಮೈಯಲ್ಲಿ ಕೂಡಿಟ್ಟ ಸಕ್ಕರೆಯಾಗಿ ಕೂತಾಗ ಒಂದು ಗ್ರಾಮಿಗೆ ಮೂರು ಗ್ರಾಂ ಹತ್ರ ನೀರೂ ಹಿಡ್ಕೊಳ್ಳುತ್ತೆ, ಹೊಟ್ಟೇಲಿರೋ ಊಟದ ತೂಕ ಬೇರೆ. ಮೂರು ದಿನಕ್ಕೆ ತಾನಾಗೇ ಇಳೀತು. ಅದಕ್ಕೆ ದಿನಾ ನೋಡಿ, ಏಳು ದಿನದ ಸರಾಸರಿ ತೆಗೆದು, ಹೋದ ವಾರದ ಸರಾಸರಿ ಜೊತೆ ಹೋಲಿಸಿ.

ಈ ಮಷೀನ್‌ಗಿಂತ ನಂಬಿಕೆಯ ಸಾಮಾನು ಮನೇಲೇ ಇತ್ತು, ಬಟ್ಟೆ ಹೊಲಿಯೋ ಟೇಪು. ವಾರಕ್ಕೊಂದು ಸಲ, ಬೆಳಿಗ್ಗೆ ಎದ್ದು ಟಾಯ್ಲೆಟ್‌ಗೆ ಹೋಗಿ ಬಂದ್ಮೇಲೆ, ನೀರು ಕುಡಿಯೋ ಮೊದಲು, ಸಹಜವಾಗಿ ಉಸಿರು ಬಿಟ್ಟು ಹೊಕ್ಕುಳ ಮೇಲೆ. ತೂಕ ನಿಂತ ವಾರಗಳಲ್ಲೂ ಟೇಪ್ ಅರ್ಧ ಸೆಂಟಿಮೀಟರ್ ಇಳಿದಿರೋದು ತೋರಿಸಿ ನನ್ನನ್ನ ಉಳಿಸಿದೆ.

ಈಗ ಕಿಚನ್ ಸ್ಕೇಲ್‌ಗೆ ಬರೋಣ. ನನ್ನದು 5 ಕೆಜಿ ತನಕ, ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತೆ. ಒಳ್ಳೇದು ಹೇಳೋ ಮೊದಲು ತೊಂದರೆ ಹೇಳ್ತೀನಿ. ದೊಡ್ಡ ಪಾತ್ರೆ ಇಟ್ರೆ ಅಂಕಿ ಪಾತ್ರೆ ಕೆಳಗೆ ಮುಚ್ಚೋಗುತ್ತೆ, ಬಗ್ಗಿ ನೋಡ್ಬೇಕು. ಎರಡು ನಿಮಿಷಕ್ಕೆ ತಾನಾಗೇ ಆಫ್ ಆಗುತ್ತೆ, ಅರ್ಧ ಸಾಮಾನು ಹಾಕಿ ಈರುಳ್ಳಿ ಹೆಚ್ಚೋಕೆ ಹೋದ್ರೆ ವಾಪಸ್ ಬರೋಷ್ಟರಲ್ಲಿ ಲೆಕ್ಕ ಹೋಗಿರುತ್ತೆ. ಬೀಜ ಒಂದೊಂದೇ ಹಾಕ್ತಾ ಹೋದ್ರೆ ಮೊದಲ ಎರಡು ಮೂರು ಗ್ರಾಂ ಅದಕ್ಕೆ ಗೊತ್ತೇ ಆಗಲ್ಲ, ಸಣ್ಣ ತೂಕ ಬೇಕಿದ್ರೆ ಡಬ್ಬ ಇಟ್ಟು ಸೊನ್ನೆ ಮಾಡಿ ಡಬ್ಬದಿಂದ ತೆಗೀಬೇಕು. ಬ್ಯಾಟರಿ ಮುಗೀತಾ ಬಂದಾಗ ಅಂಕಿ ಸುಮ್ನೆ ಜಾರ್ತಾ ಇರುತ್ತೆ. ತಗೊಳ್ಳೋವಾಗ ಅಂಕಿ ಕಾಣೋ ಜಾಗ ತಟ್ಟೆಯಿಂದ ಹೊರಗೆ ಚಾಚಿರೋದನ್ನ ನೋಡಿ ತಗೊಳ್ಳಿ, ನಾನು ನೋಡ್ಲಿಲ್ಲ.

ಬಳಸೋದು ಕಲಿಯೋಕೆ ಒಂದು ವಾರ ಸಾಕು. ಎಲ್ಲಾನೂ ಹಸಿ ತೂಕದಲ್ಲೇ ಬರ್ಕೊಳ್ಳಿ, ಯಾಕಂದ್ರೆ ಅಕ್ಕಿ ಬೆಂದ್ರೆ ನೀರು ಕುಡಿದು ಎರಡೂವರೆ ಮೂರು ಪಟ್ಟಾಗುತ್ತೆ, ಮಾಂಸ ಬೆಂದ್ರೆ ನೀರು ಬಿಟ್ಟು ಹಗುರ ಆಗುತ್ತೆ, ಬೆಂದಿದ್ದನ್ನ ತೂಗಿ ಹಸಿ ಲೆಕ್ಕ ಹಾಕಿದ್ರೆ ಎಲ್ಲಾ ಉಲ್ಟಾ. ಮನೆಯೋರೆಲ್ಲರ ಅಡುಗೆ ಒಟ್ಟಿಗೆ ಇದ್ದಾಗ ಹಾಕೋ ಸಾಮಾನೆಲ್ಲಾ ತೂಗಿ ಒಟ್ಟು ಕ್ಯಾಲೊರಿ ಬರ್ಕೊಂಡು, ಆದ್ಮೇಲೆ ಪಾತ್ರೆ ತೂಕ ಕಳೆದು ಪೂರ್ತಿ ಅಡುಗೆ ತೂಗಿ, ನನ್ನ ತಟ್ಟೆಗೆ ಬಿದ್ದಿದ್ದು ಅದರಲ್ಲಿ ಎಷ್ಟು ಪಾಲು ಅಂತ ನೋಡೋದು. ಪಾತ್ರೆಗಳ ತೂಕ ಒಂದು ಸಲ ತೂಗಿ ಅಡುಗೆಮನೆ ಬಾಗಿಲ ಹಿಂದೆ ಚೀಟಿ ಅಂಟಿಸ್ಬಿಟ್ಟೆ, ಆಮೇಲೆ ತಲೆನೋವಿಲ್ಲ.

ತೂಗೋಕೆ ಶುರು ಮಾಡಿದಾಗ ನಾನು 81 ಕೆಜಿ. ಬೆಲ್ಟ್ ಆಗಲೇ ಮೂಲೆ ಸೇರಿತ್ತು, ಟೇಪ್ ಇನ್ನೂ 94ರಲ್ಲೇ. ದಿನಕ್ಕೆ 2000 ಕ್ಯಾಲೊರಿ ಹತ್ರ, ಅದ್ರಲ್ಲಿ ಪ್ರೋಟೀನ್ 120 ರಿಂದ 130 ಗ್ರಾಂ. ಸ್ನಾಯು ಉಳಿಸಿ ಬೆಳೆಸ್ಕೊಳ್ಳೋಕೆ ಮೈ ತೂಕದ ಕೆಜಿಗೆ 1.6 ಗ್ರಾಂ ಹತ್ರ ಪ್ರೋಟೀನ್ ಸಾಕು ಅಂತ 2018ರಲ್ಲಿ 49 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ ಲೆಕ್ಕ ಇದೆ, ನಾನು ಅದನ್ನೇ ಹಿಡ್ಕೊಂಡೆ. ಪ್ರೋಟೀನ್ ಹೊಟ್ಟೇನೂ ತುಂಬಿಸುತ್ತೆ, ಹಸಿವಿನ ಜೊತೆ ಜಗಳ ಅರ್ಧ ಕಮ್ಮಿ ಆಗುತ್ತೆ. ವಾರಕ್ಕೆ ಮೂರು ದಿನ ಸ್ಕ್ವಾಟು, ಡೆಡ್‌ಲಿಫ್ಟು, ಪುಲಪ್ಪು ಥರದ ಭಾರದ ವ್ಯಾಯಾಮ ಬಿಡ್ಲೇ ಇಲ್ಲ, ಬಿಟ್ಟಿದ್ರೆ ಬೊಜ್ಜಿನ ಜೊತೆ ಸ್ನಾಯೂನೂ ಕರಗ್ತಿತ್ತು. 27 ವಾರಕ್ಕೆ 70.4 ಕೆಜಿ, ಟೇಪ್‌ನಲ್ಲಿ 79.5. ವಾರಕ್ಕೆ 400 ಗ್ರಾಂ ಹತ್ರ ಬಿತ್ತು, ಅದು ನಿಧಾನ ಅಲ್ಲ, ಅದೇ ಸರಿ. ಮೈ ತೂಕದ ಅರ್ಧದಿಂದ ಒಂದು ಪರ್ಸೆಂಟ್‌ಗಿಂತ ಜಾಸ್ತಿ ವಾರಕ್ಕೆ ಇಳಿಸೋಕೆ ಹೋದ್ರೆ ಸ್ನಾಯು ಹೋಗುತ್ತೆ, ನಿದ್ದೆ ಹೋಗುತ್ತೆ, ಮನೆಯೋರ ಜೊತೆ ಮಾತೂ ಕೆಡುತ್ತೆ.

ಮೇಲಿನ ಎರಡು ಗೆರೆ ಹದಿನೇಳನೇ ವಾರಕ್ಕೇ ಬಂತು. ಹೊಕ್ಕುಳ ಕೆಳಗಿನ ಭಾಗ ಮಾತ್ರ ಕೊನೆ ತನಕ ಹಠ ಹಿಡಿದು ಕೂತಿತ್ತು, ಗಂಡಸರಲ್ಲಿ ಬಹಳ ಜನಕ್ಕೆ ಕೊನೆಗೆ ಕರಗೋದು ಅದೇ, ಹೆಂಗಸರಲ್ಲಿ ಸಾಮಾನ್ಯವಾಗಿ ತೊಡೆ, ಸೊಂಟದ ಹಿಂಭಾಗ. ಎಲ್ಲಿಂದ ಮೊದಲು ಎಲ್ಲಿಂದ ಕೊನೆಗೆ ಅನ್ನೋದನ್ನ ಮೈ ತೀರ್ಮಾನ ಮಾಡುತ್ತೆ. ಅಂದಾಜಿಗೆ ಹೇಳೋದಾದ್ರೆ ಗಂಡಸರಿಗೆ ಮೈ ಕೊಬ್ಬು 10 ರಿಂದ 12 ಪರ್ಸೆಂಟ್‌ಗೆ ಬಂದಾಗ ಚೆನ್ನಾಗಿ ಕಾಣುತ್ತೆ, 15ರ ಹತ್ರ ಮೇಲಿನ ಗೆರೆ ಮಾತ್ರ. ಹೆಂಗಸರಿಗೆ ಬದುಕೋಕೆ ಬೇಕಾಗಿರೋ ಕೊಬ್ಬೇ ಗಂಡಸರಿಗಿಂತ ಜಾಸ್ತಿ, ಸುಮಾರು 12 ಪರ್ಸೆಂಟ್, ಗಂಡಸರಿಗೆ 3. ಹಾಗಾಗಿ ಗಂಡಸರ ಅಂಕಿ ಇಟ್ಕೊಂಡು ಹೆಂಗಸರು ಓಡಲೇಬಾರದು.

ಇಲ್ಲಿಂದ ಮುಂದಿನದು ಯಾವ ಜಾಹೀರಾತಲ್ಲೂ ಇರಲ್ಲ, ಅದಕ್ಕೆ ನಿಧಾನವಾಗಿ ಹೇಳ್ತೀನಿ. 70.4ಕ್ಕೆ ಬಂದಾಗ ಕನ್ನಡಿಲಿ ಆರೂ ಕಾಣ್ತಿತ್ತು, ನಿಜ. ಆದ್ರೆ ಕೈ ಕಾಲು ಯಾವಾಗ್ಲೂ ತಣ್ಣಗೆ, ರಾತ್ರಿ ಮೂರು ಗಂಟೆಗೆ ಎಚ್ಚರ ಆಗಿ ಊಟದ್ದೇ ಯೋಚನೆ, ಫೋನಲ್ಲಿ ಅಡುಗೆ ವಿಡಿಯೋ ಬಿಟ್ಟು ಬೇರೆ ನೋಡ್ತಾನೇ ಇರ್ಲಿಲ್ಲ. ದಿನಕ್ಕೆ ಒಂಬತ್ತು ಸಾವಿರ ಹೆಜ್ಜೆ ಇದ್ದಿದ್ದು ಗೊತ್ತಿಲ್ಲದ ಹಾಗೆ ಐದು ಸಾವಿರಕ್ಕೆ ಇಳಿದಿತ್ತು. ಕೊಬ್ಬು ಕಮ್ಮಿ ಆದಾಗ ಲೆಪ್ಟಿನ್ ಅನ್ನೋ ಹಾರ್ಮೋನ್ ಇಳಿಯುತ್ತೆ, ಮೆದುಳಿಗೆ ಅದು ಬರಗಾಲದ ಸುದ್ದಿ, ಹಸಿವು ಹೆಚ್ಚಿಸಿ ಓಡಾಟ ಕಮ್ಮಿ ಮಾಡ್ಸುತ್ತೆ. 1944-45ರಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಮಿನೆಸೋಟದಲ್ಲಿ 36 ಗಂಡಸರನ್ನ 24 ವಾರ ಅರೆಹೊಟ್ಟೇಲಿ ಇಟ್ಟು ನೋಡಿದ್ರು, ಅವರೂ ಕೊನೆಗೆ ಅಡುಗೆ ಪುಸ್ತಕ ಕೂಡಿಟ್ಕೊಂಡು ಓದ್ತಿದ್ರಂತೆ. ಅವರ ಹಸಿವು ನನ್ನದಕ್ಕಿಂತ ಎಷ್ಟೋ ಪಟ್ಟು ಘೋರ, ಹೋಲಿಸ್ತಿಲ್ಲ, ಆದ್ರೆ ಅದನ್ನ ಓದಿದಾಗ ನನಗೆ ಹುಚ್ಚು ಹಿಡಿದಿಲ್ಲ, ಮೈ ತನ್ನ ಕೆಲಸ ಮಾಡ್ತಿದೆ ಅಂತ ಸಮಾಧಾನ ಆಯ್ತು.

ಇನ್ನೊಂದು ವಿಷಯ, ಫೋಟೋಗಳಲ್ಲಿ ನಾವು ನೋಡೋ ಹೊಟ್ಟೆ ಇಡೀ ವರ್ಷದ ಹೊಟ್ಟೆ ಅಲ್ಲ. ಮೇಲಿಂದ ಬೀಳೋ ಬೆಳಕು, ಆಗಷ್ಟೇ ವ್ಯಾಯಾಮ ಮಾಡಿ ಉಬ್ಬಿದ ಸ್ನಾಯು, ಕೆಲವರು ನೀರನ್ನೇ ಬಿಟ್ಟು ಚರ್ಮ ಬಿಗಿ ಮಾಡ್ಕೊಂಡು ತೆಗೆಸ್ಕೊಳ್ಳೋದು, ಇದು ಅಪಾಯ ಕೂಡ. ನಮ್ಮನೆ ಬಾತ್‌ರೂಮ್ ಲೈಟ್ ಕೆಳಗೆ ಆರು ಕಾಣುತ್ತೆ, ಹಾಲ್‌ಗೆ ಬಂದ್ರೆ ನಾಲ್ಕು, ಅದೇ ಹೊಟ್ಟೆ, ಹತ್ತು ಹೆಜ್ಜೆ ದೂರ.

ಹಾಗಾಗಿ ನಾನು ವಾಪಸ್ ಏರಿದೆ, ಬೇಕಂತಲೇ. ವಾರಕ್ಕೆ ನೂರು ನೂರೈವತ್ತು ಕ್ಯಾಲೊರಿ ಏರಿಸ್ತಾ 2350ಕ್ಕೆ ನಿಲ್ಲಿಸಿದೆ, ತೂಕ 73ರ ಹತ್ರ ಬಂದು ನಿಂತಿದೆ, ಹದಿನಾಲ್ಕು ತಿಂಗಳಾಯ್ತು. ಮೇಲಿನ ನಾಲ್ಕು ಯಾವಾಗ್ಲೂ ಇದೆ, ಕೆಳಗಿನ ಎರಡು ಬೆಳಿಗ್ಗೆ ಖಾಲಿ ಹೊಟ್ಟೇಲಿ ಮಾತ್ರ. ನಿದ್ದೆ ಬರುತ್ತೆ, ಕೈ ಬೆಚ್ಚಗಿದೆ, ನೆಂಟರ ಮನೇಲಿ ಲೆಕ್ಕ ಹಾಕದೆ ಊಟ ಮಾಡ್ತೀನಿ. ಈಗ ಎಲ್ಲಾನೂ ತೂಗಲ್ಲ, ಆರು ತಿಂಗಳು ತೂಗಿದ್ಮೇಲೆ ಕಣ್ಣಿಗೇ ಗೊತ್ತಾಗುತ್ತೆ. ಎಣ್ಣೆ, ಬೆಣ್ಣೆ, ಬೀಜಗಳು ಈ ಮೂರು ಮಾತ್ರ ಇವತ್ತಿಗೂ ಸ್ಕೇಲ್ ಮೇಲೆ, ಅವುಗಳ ವಿಷಯದಲ್ಲಿ ಕಣ್ಣು ಎಷ್ಟು ಪಳಗಿದ್ರೂ ಸಾಲ್ದು. ಟೇಪ್‌ನಲ್ಲಿ 83 ದಾಟಿದ್ರೆ ಎರಡು ವಾರ ಮತ್ತೆ ಪೂರ್ತಿ ತೂಗ್ತೀನಿ, ಇಷ್ಟು ದಿನದಲ್ಲಿ ಎರಡು ಸಲ ಹಾಗೆ ಮಾಡ್ಬೇಕಾಗಿ ಬಂತು.

ಕಿಚನ್ ಸ್ಕೇಲ್‌ಗೆ ಐದಕ್ಕೆ ಐದು ಸ್ಟಾರ್. ಆದ್ರೆ ಎಲ್ರಿಗೂ ತಗೊಳ್ಳಿ ಅಂತ ಹೇಳಲ್ಲ. ಊಟದ ವಿಷಯದಲ್ಲಿ ಮೊದಲೇ ಭಯ, ತಪ್ಪಿತಸ್ಥ ಭಾವ, ತಿಂದು ವಾಂತಿ ಮಾಡೋದು, ಉಪವಾಸ ಬೀಳೋದು ಇಂಥದ್ದು ಯಾವತ್ತಾದ್ರೂ ಅನುಭವಿಸಿದ್ರೆ ಈ ಸ್ಕೇಲ್ ಮನೆಗೆ ತರಬೇಡಿ, ಗ್ರಾಂ ಲೆಕ್ಕ ಅಂಥೋರಿಗೆ ವಿಷ. ಬೆಳೆಯೋ ಮಕ್ಕಳಿಗೂ ಬೇಡ.

ನಮ್ಮಕ್ಕ ನನ್ನ ನೋಡಿ ಶುರು ಮಾಡಿದ್ಲು, ನನಗಿಂತ ಶಿಸ್ತು ಅವಳಿಗೆ. ಐದನೇ ತಿಂಗಳು ಫೋನ್ ಮಾಡಿ, "ಎರಡು ತಿಂಗಳಿಂದ ಮುಟ್ಟಾಗಿಲ್ಲ ಕಣೋ, ಪ್ರೆಗ್ನೆನ್ಸಿನೂ ಅಲ್ಲ" ಅಂದ್ಲು. ಡಾಕ್ಟರ್ ನೋಡಿ, ನೀವು ತಿಂತಿರೋದು ಮೈಗೆ ಸಾಕಾಗ್ತಿಲ್ಲ, ಹೀಗೇ ಬಿಟ್ರೆ ಮೂಳೆನೂ ಸವೆಯುತ್ತೆ ಅಂದ್ರಂತೆ. ಅವತ್ತು ಅವಳ ಹೊಟ್ಟೆ ಮೇಲೆ ಗೆರೆ ನನ್ನದಕ್ಕಿಂತ ಚೆನ್ನಾಗಿ ಕಾಣ್ತಿತ್ತು. "ಅಕ್ಕ, ಆ ಸ್ಕೇಲ್ ಎತ್ತಿಡು" ಅಂದೆ, ನಾನೇ ಹಿಡಿಸಿದ ಹುಚ್ಚು ಅಂತ ತುಂಬಾ ಬೇಜಾರಾಗಿತ್ತು. ಅವಳು ಎತ್ತಿಡ್ಲಿಲ್ಲ. ಡಾಕ್ಟರ್ ಹೇಳಿದಷ್ಟು ತಿಂತಿದೀನಾ ಇಲ್ವಾ ಅಂತ ನೋಡೋಕೆ ಅದೇ ಸ್ಕೇಲ್ ಇಟ್ಕೊಂಡ್ಲು. ಈಗ ಮುಟ್ಟು ಸರಿಹೋಗಿದೆ. ಮೊನ್ನೆ ಅವಳ ಮನೆಗೆ ಹೋಗಿದ್ದಾಗ ಬೆಣ್ಣೆ ತೂಗ್ತಿದ್ಲು, 18 ಅಂತ ಬಂತು, ಅವಳ ಚೀಟೀಲಿ 20 ಅಂತಿತ್ತು, ಚಮಚದ ತುದೀಲಿ ಇನ್ನೊಂಚೂರು ತೆಗೆದು ಹಾಕ್ಕೊಂಡ್ಲು.